ಝಡ್ ಡ್ರೈವ್‌ನಲ್ಲಿದ್ದ ಸೋಬಾನೆ

ನಮ್ಮನೇಲಿ ಎರಡು ವರ್ಷ ಯಾರು ಏನೇ ಕೇಳಿದ್ರೂ ಬರ್ತಿದ್ದ ಉತ್ತರ ಒಂದೇ, "ಝಡ್‌ನಲ್ಲಿದೆ ನೋಡು". ತೋಟದ ಪಹಣಿ ಸ್ಕ್ಯಾನ್ ಎಲ್ಲಿ? ಝಡ್‌ನಲ್ಲಿ. ಅಕ್ಕನ ಮದುವೆ ಫೋಟೋ? ಝಡ್‌ನಲ್ಲಿ. ಅಪ್ಪ ಊರಿನ ಬಗ್ಗೆ ಬರೆದಿಟ್ಟಿದ್ದು, ಅಜ್ಜಿ ಹಾಡಿದ್ದು, ಎಲ್ಲಾ ಅಲ್ಲೇ. ಸಾಗರದ ಹತ್ರ ನಮ್ಮ ಹಳ್ಳಿ ಮನೆ ಇದೆ, ಜಗಲಿ ಪಕ್ಕದ ರೂಮಲ್ಲಿ ಅಪ್ಪನ ಹಳೇ ಡೆಸ್ಕ್‌ಟಾಪ್, ಅದರೊಳಗೆ 'ಮನೆ' ಅಂತ ಒಂದು ಫೋಲ್ಡರ್. ಅದನ್ನ ಶೇರ್ ಮಾಡಿ ಎಲ್ಲರ ಲ್ಯಾಪ್‌ಟಾಪಲ್ಲೂ ಝಡ್ ಅಕ್ಷರದ ಡ್ರೈವ್ ಆಗಿ ಕಾಣೋ ಹಾಗೆ ಮ್ಯಾಪ್ ಮಾಡಿದ್ದು ನಾನೇ. ಹಾಗಾಗಿ ಆಮೇಲೆ ಏನಾಯ್ತೋ ಅದನ್ನ ಬರೆಯೋ ಜವಾಬ್ದಾರೀನೂ ನಂದೇ ಅನ್ಸುತ್ತೆ.

2020ರ ಏಪ್ರಿಲ್. ಲಾಕ್‌ಡೌನ್ ಅಂತ ನಾನು, ತಮ್ಮ ಇಬ್ರೂ ಲ್ಯಾಪ್‌ಟಾಪ್ ಹೊತ್ಕೊಂಡು ಊರಿಗೆ ಬಂದಿದ್ವಿ. ಅದೃಷ್ಟಕ್ಕೆ ಅದಾಗಲೇ ಊರಿಗೆ ಫೈಬರ್ ಬಂದಿತ್ತು. ಅಪ್ಪನ ಮಷೀನಲ್ಲಿದ್ದ ಫೈಲ್ ಬೇಕು ಅಂದ್ರೆ ದಿನಕ್ಕೆ ಹತ್ತು ಸಲ ಪೆನ್‌ಡ್ರೈವ್ ಹಿಡ್ಕೊಂಡು ಮೆಟ್ಟಿಲು ಹತ್ತಿ ಇಳಿಯೋದಾಗಿತ್ತು, ಒಂದೇ ಮನೆ ಒಂದೇ ವೈಫೈ ಇರುವಾಗ ಇದೇನು ಅಂತ ಒಂದು ಭಾನುವಾರ ಕೂತೆ. ಮೊದಲೆಲ್ಲ ವಿಂಡೋಸ್ 7 ಇರೋ ಕಂಪ್ಯೂಟರ್‌ಗಳಿಗೆ ಫೋಲ್ಡರ್ ಹಂಚಿಕೊಳ್ಳೋಕೆ ಹೋಮ್‌ಗ್ರೂಪ್ ಅಂತ ಸುಲಭದ ದಾರಿಯೊಂದು ಇತ್ತು, ವಿಂಡೋಸ್ 10ರಿಂದ ಅದನ್ನ 2018ರಲ್ಲಿ ತೆಗೆದುಹಾಕಿದ್ರು. ಅಪ್ಪನದು 7, ನಮ್ಮಿಬ್ಬರದು 10. ಹಾಗಾಗಿ ನೇರವಾಗಿ ಫೋಲ್ಡರ್ ಶೇರ್ ಮಾಡೋ ಹಳೇ ದಾರೀನೇ ಹಿಡಿಬೇಕಾಯ್ತು.

ಆ ಭಾನುವಾರ ಪೂರ್ತಿ ಹೋಯ್ತು. ಮೊದಲನೇದು, ಮನೇಲಿ ಎರಡು ರೌಟರ್. ಫೈಬರ್ ಜೊತೆ ಬಂದ ಡಬ್ಬ ಕೆಳಗೆ, ಸಿಗ್ನಲ್ ಸಿಗಲ್ಲ ಅಂತ ನಾವೇ ತಂದಿದ್ದು ಮಹಡಿ ಮೇಲೆ. ನೆಟ್‌ವರ್ಕಿಗೆ ಸೇರಿದ ಒಂದೊಂದು ಮಷೀನಿಗೂ ರೌಟರ್ ಒಂದು ನಂಬರ್ ಕೊಡುತ್ತೆ, ಅದೇ ಅದರ ಅಡ್ರೆಸ್. ಕೆಳಗಿನದು 192.168.1ರಿಂದ ಶುರುವಾಗೋ ಅಡ್ರೆಸ್ ಕೊಡ್ತಿತ್ತು, ಮೇಲಿನದು 192.168.0. ಈ 192.168ರ ಸಾಲನ್ನ 1996ರಲ್ಲೇ ಖಾಸಗಿ ನೆಟ್‌ವರ್ಕ್‌ಗಳಿಗೆ ಅಂತ ಮೀಸಲಿಟ್ಟಿದ್ದಾರೆ, ನಿಮ್ಮನೇಲೂ ನಮ್ಮನೇಲೂ ಅದೇ ನಂಬರ್ ಇದ್ರೆ ತೊಂದರೆ ಇಲ್ಲ, ಆದ್ರೆ ಒಂದೇ ಮನೇಲಿ ಎರಡು ಸಾಲು ಆದ್ರೆ ಅದು ಎರಡು ಮನೆ ಆದಂಗೇ. ಮೇಲಿದ್ದ ನನ್ನ ಲ್ಯಾಪ್‌ಟಾಪ್‌ಗೆ ಕೆಳಗಿನ ಡೆಸ್ಕ್‌ಟಾಪ್ ಹೆಸರಲ್ಲಿ ಕಾಣ್ತಾನೇ ಇರ್ಲಿಲ್ಲ. ಇಂಟರ್ನೆಟ್ ಮಾತ್ರ ಎರಡು ಕಡೆನೂ ಆರಾಮಾಗಿ ಬರ್ತಿತ್ತು, ಹಾಗಾಗಿ ರೌಟರ್ ಮೇಲೆ ಅನುಮಾನಾನೇ ಬರ್ಲಿಲ್ಲ. ಮೇಲಿನದನ್ನ ಆಕ್ಸೆಸ್ ಪಾಯಿಂಟ್ ಮೋಡಿಗೆ, ಅಂದ್ರೆ ಅಡ್ರೆಸ್ ಹಂಚೋದು ಬಿಟ್ಟು ವೈಫೈ ಮಾತ್ರ ಕೊಡೋ ಹಾಗೆ, ಹಾಕಿದ ಮೇಲೆ ಎಲ್ಲಾ ಒಂದೇ ಸಾಲಿಗೆ ಬಂತು.

ಎರಡನೇದು ಪಾಸ್‌ವರ್ಡ್. ಅಪ್ಪನ ಮಷೀನಿಗೆ ಪಾಸ್‌ವರ್ಡೇ ಇಲ್ಲ. ಪಾಸ್‌ವರ್ಡ್ ಇಲ್ಲದ ಅಕೌಂಟಿಗೆ ವಿಂಡೋಸ್ ಎದುರು ಕೂತು ಲಾಗಿನ್ ಆಗೋಕೆ ಬಿಡುತ್ತೆ, ನೆಟ್‌ವರ್ಕ್ ಮೂಲಕ ಬಂದ್ರೆ ಬಿಡಲ್ಲ. ತಮ್ಮ ತನ್ನ ಲ್ಯಾಪ್‌ಟಾಪಿನ ನಾಲ್ಕಂಕಿ ಪಿನ್ ಹೊಡೆದು ಹೊಡೆದು ಸುಸ್ತಾಗಿದ್ದ. ಪಿನ್ ಆ ಒಂದು ಮಷೀನಿನ ಬಾಗಿಲಿಗೆ ಮಾತ್ರ, ಪಕ್ಕದ ಮಷೀನಿಗೆ ಅದು ಏನೂ ಅಲ್ಲ. ಅಲ್ಲಿ ಕೇಳೋದು ಆ ಕಡೆಯ ಕಂಪ್ಯೂಟರಿನ ಯೂಸರ್ ಹೆಸರು, ಅದರ ಪಾಸ್‌ವರ್ಡ್. ಇದೊಂದು ವಿಷಯ ಗೊತ್ತಿಲ್ಲದೆ ಎಷ್ಟು ಮನೇಲಿ ಎಷ್ಟು ಜನ ಕೈ ಬಿಟ್ಟಿರ್ತಾರೋ ಅಂತ ನಂಗೆ ಈಗಲೂ ಬೇಜಾರಾಗುತ್ತೆ.

ಸಂಜೆ ಹೊತ್ತಿಗೆ ಝಡ್ ಬಂತು. ಅಪ್ಪ ಅಡುಗೆಮನೆಗೆ ಹೋಗಿ ಅಮ್ಮನ್ನ ಕರ್ಕೊಂಡು ಬಂದು ತೋರಿಸಿದ್ರು, ಕೆಳಗಿನ ಕಂಪ್ಯೂಟರಲ್ಲಿರೋ ಫೋಟೋ ಮೇಲೆ ಕಾಣ್ತಿದೆ ಅಂತ.

ಇಲ್ಲಿಂದ ಮುಂದಿನದೇ ನಾನು ಹೇಳಬೇಕಾಗಿರೋದು. ಝಡ್ ಕಾಣೋಕೆ ಶುರುವಾದ ದಿನದಿಂದ ನಾವ್ಯಾರೂ ಏನನ್ನೂ ಕಾಪಿ ಮಾಡ್ಕೊಳ್ಳಲಿಲ್ಲ. ಯಾಕೆ ಮಾಡ್ಕೋಬೇಕು, ಇಲ್ಲೇ ಇದೆಯಲ್ಲ. ಸಿ ಡ್ರೈವ್, ಡಿ ಡ್ರೈವ್, ಅದರ ಕೆಳಗೆ ಝಡ್ ಡ್ರೈವ್, ಮೂರಕ್ಕೂ ಐಕಾನ್ ಹೆಚ್ಚೂಕಮ್ಮಿ ಒಂದೇ ಥರ, ಡಬಲ್ ಕ್ಲಿಕ್ ಮಾಡಿದ್ರೆ ತೆರೆಯೋದೂ ಒಂದೇ ಥರ. ನಾಲ್ಕು ಜನರ ಕಣ್ಣಿಗೆ ಕಾಣೋದು ನಾಲ್ಕು ಜನರ ಹತ್ರನೂ ಇದೆ ಅಂತ ಮನಸ್ಸು ತಾನಾಗೇ ಅಂದ್ಕೊಂಡುಬಿಡುತ್ತೆ. ಮೂರು ಮನೆಯವರು ಒಂದೇ ಬಾವೀಲಿ ನೀರು ಸೇದಿದ ಹಾಗೆ ಇದು, ಕೊಡಪಾನ ಮೂರು ಇರಬಹುದು, ಬಾವಿ ಒಂದೇ. ಬಾವಿ ಬತ್ತಿದ ದಿನ ಮೂರು ಮನೇಲೂ ನೀರಿಲ್ಲ.

ಒಂದು ಸೂಚನೆ ಮೊದಲೇ ಸಿಕ್ಕಿತ್ತು. 2021ರಲ್ಲಿ ತಮ್ಮ ಜಾಗ ಸಾಲಲ್ಲ ಅಂತ ಝಡ್‌ನಲ್ಲಿದ್ದ ಯಾವುದೋ ಫೋಲ್ಡರನ್ನ ತನ್ನ ಲ್ಯಾಪ್‌ಟಾಪಿಂದಲೇ ಡಿಲೀಟ್ ಮಾಡಿದ, ಬೇಕಾದ್ರೆ ರಿಸೈಕಲ್ ಬಿನ್ನಿಂದ ತೆಗೆದ್ರಾಯ್ತು ಅಂತ. ನೆಟ್‌ವರ್ಕ್ ಡ್ರೈವಲ್ಲಿ ಡಿಲೀಟ್ ಮಾಡಿದ್ದು ರಿಸೈಕಲ್ ಬಿನ್ನಿಗೆ ಹೋಗಲ್ಲ, ನೇರ ಹೋಗಿಬಿಡುತ್ತೆ. ಹೋಗಿದ್ದು ದೊಡ್ಡದೇನೂ ಆಗಿರ್ಲಿಲ್ಲ, ಹಾಗಾಗಿ ಅದನ್ನ ಅಲ್ಲಿಗೇ ಬಿಟ್ವಿ. ಆವತ್ತು ನಿಂತು ಯೋಚನೆ ಮಾಡಬೇಕಿತ್ತು.

2022ರ ಜುಲೈ. ಮಳೆ ಹೊಡೀತಿತ್ತು, ದಿನಕ್ಕೆ ಏಳೆಂಟು ಸಲ ಕರೆಂಟು ಹೋಗಿ ಬಂದು ಆಗ್ತಿತ್ತು. ಅಪ್ಪ ಫೋನ್ ಮಾಡಿ, ಕಂಪ್ಯೂಟರ್ ಒಳಗಿಂದ ಟಕ್, ಟಕ್ ಅಂತ ಸದ್ದು ಬರ್ತಿದೆ, ಹಲ್ಲಿ ಸೇರ್ಕೊಂಡಿದೆಯೇನೋ ಅಂದ್ರು. ನಂಗೆ ಕೇಳಿದ ತಕ್ಷಣ ಕೈಕಾಲು ತಣ್ಣಗಾಯ್ತು. ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ ಅಂದೆ. ಶಿವಮೊಗ್ಗದಲ್ಲಿ ಡಿಸ್ಕ್ ಬಿಚ್ಚಿ ನೋಡಿದವರು ಒಳಗಿನ ತಟ್ಟೆ ಗೀರಿದೆ, ಏನೂ ತೆಗೆಯೋಕಾಗಲ್ಲ ಅಂದ್ರು. ಆ ವಾರ ಊರಿಗೆ ಹೋದೆ. ಲ್ಯಾಪ್‌ಟಾಪ್ ತೆರೆದ್ರೆ ಸಿ ಇದೆ, ಡಿ ಇದೆ, ಝಡ್ ಕೂಡ ಅದೇ ಜಾಗದಲ್ಲಿದೆ, ಅದರ ಮೇಲೊಂದು ಸಣ್ಣ ಕೆಂಪು ಇಂಟು ಗುರುತು. ಅಮ್ಮನ ಲ್ಯಾಪ್‌ಟಾಪಲ್ಲೂ ಅದೇ ಕೆಂಪು. ತಮ್ಮ ಫೋಟೋ ತೆಗೆದು ಕಳಿಸಿದ, ಅವನದ್ರಲ್ಲೂ ಅದೇ.

ಹೋಗಿದ್ದೇನು ಅಂತ ಬರೆದಿಡ್ತೀನಿ. ಅಪ್ಪ ರಿಟೈರ್ಡ್ ಮೇಷ್ಟ್ರು, ನಮ್ಮೂರಿನ ಒಂದೊಂದು ಗದ್ದೆಗೂ ಇರೋ ಹೆಸರು ಮತ್ತು ಆ ಹೆಸರು ಯಾಕೆ ಬಂತು ಅಂತ ಹಳಬರನ್ನ ಕೇಳಿ ಬರೀತಿದ್ರು. 2014ರಲ್ಲಿ ಒಂದು ಸಿಡಿ ಬರೆಸಿಟ್ಟಿದ್ದು ಬಿಟ್ರೆ ಆಮೇಲಿನ ಎಂಟು ವರ್ಷದ್ದು ಹೋಯ್ತು. ಹೇಳಿದವರಲ್ಲಿ ಅರ್ಧಕ್ಕರ್ಧ ಜನ ಈಗಿಲ್ಲ. ಫೋಟೋಗಳು ಅವರಿವರ ಫೋನಲ್ಲಿ, ವಾಟ್ಸ್ಯಾಪಲ್ಲಿ ಒಂದಿಷ್ಟು ಸಿಕ್ವು. ಅಜ್ಜಿ ಹಾಡು ಹೋಯ್ತು ಅಂತಲೇ ಅಂದ್ಕೊಂಡಿದ್ವಿ.

ಅಜ್ಜಿ ಹಾಡು ಅಂದ್ರೆ 'ಸೋಬಾನೆ' ಅಂತ ಒಂದು ಫೋಲ್ಡರ್, ನಲವತ್ತೊಂದು ಫೈಲ್. ಅಪ್ಪ ಹಳೇ ಬಟನ್ ಫೋನಲ್ಲಿ ರೆಕಾರ್ಡ್ ಮಾಡಿದ್ದು. ಒಂದರಲ್ಲಿ ಹಿಂದೆ ತಗಡಿನ ಮೇಲೆ ಮಳೆ ಬೀಳೋ ಸದ್ದು, ಹನ್ನೆರಡು ನಿಮಿಷ, ಮಧ್ಯದಲ್ಲಿ ಅಜ್ಜಿ ಹಾಡು ನಿಲ್ಲಿಸಿ "ಹಾಲು ಉಕ್ತಾ ನೋಡು" ಅಂತ ಯಾರಿಗೋ ಹೇಳ್ತಾಳೆ, ಮತ್ತೆ ಬಿಟ್ಟ ಸಾಲಿಂದಲೇ ಹಿಡೀತಾಳೆ, ಒಂದು ಅಕ್ಷರ ತಪ್ಪದೆ. ಅಜ್ಜಿ ಹೋಗಿ ಆಗಲೇ ಆರು ವರ್ಷ ಆಗಿತ್ತು. ನಾನು ಫೋನಲ್ಲಿ ಅಕ್ಕನಿಗೆ ಇದೆಲ್ಲಾ ಹೇಳಿ ಅಳ್ತಿದ್ದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋದ ಡಿಸೆಂಬರಲ್ಲಿ ಬಂದಾಗ ಬಸ್ಸಲ್ಲಿ ಕೇಳೋಣ ಅಂತ ಸೋಬಾನೆ ಫೋಲ್ಡರ್ ಎಳ್ಕೊಂಡಿದ್ದೆ ಕಣೋ, ನನ್ನ ಮ್ಯಾಕ್‌ಬುಕ್ಕಲ್ಲಿ ಇರಬೇಕು ಅಂದ್ಲು. ಇತ್ತು. ಶೇರ್ ಮಾಡಿದ್ದರಿಂದ ಉಳಿದದ್ದಲ್ಲ ಅದು, ಅವಳೊಬ್ಬಳು ಕಾಪಿ ಮಾಡ್ಕೊಂಡಿದ್ದರಿಂದ ಉಳೀತು.

ಆಮೇಲೆ ಎಲ್ಲಾ ಹೊಸದಾಗಿ ಕಟ್ಟಿದೆ. ಅದೇ ಡೆಸ್ಕ್‌ಟಾಪಿಗೆ ಹೊಸ ಡಿಸ್ಕ್, ಜೊತೆಗೆ ಒಂದು ಯುಪಿಎಸ್, ವಿಂಡೋಸ್ 7 ತೆಗೆದು ಅದರ ಬದಲು ಉಬುಂಟು ಅನ್ನೋ ಲಿನಕ್ಸ್ ಹಾಕಿ, ಅದರೊಳಗೆ ಸಾಂಬಾ ಅನ್ನೋ ಪ್ರೋಗ್ರಾಂ ಹಾಕಿದೆ (ವಿಂಡೋಸ್ 7ಗೆ 2020ರ ಜನವರಿಗೇ ಅಪ್‌ಡೇಟ್ ನಿಂತಿತ್ತು). ವಿಂಡೋಸ್ ಮಷೀನ್‌ಗಳು ಫೋಲ್ಡರ್ ಹಂಚಿಕೊಳ್ಳೋಕೆ ಆಡೋ ಭಾಷೆ ಎಸ್‌ಎಂಬಿ, ಅದೇ ಭಾಷೆಯನ್ನ ಲಿನಕ್ಸ್ ಮಷೀನಿಗೂ ಕಲಿಸೋದು ಸಾಂಬಾ. ಆಂಡ್ರ್ಯೂ ಟ್ರಿಜೆಲ್ ಅನ್ನೋರು ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ಓದ್ತಿದ್ದಾಗ 1992ರ ಹೊತ್ತಿಗೆ ನೆಟ್‌ವರ್ಕಲ್ಲಿ ಓಡಾಡೋ ಪ್ಯಾಕೆಟ್‌ಗಳನ್ನ, ಅಂದ್ರೆ ಮಾಹಿತಿಯ ತುಣುಕುಗಳನ್ನ, ನೋಡಿ ನೋಡಿಯೇ ಅದನ್ನ ಬರೆಯೋಕೆ ಶುರುಮಾಡಿದ್ದು. ಎಸ್, ಎಂ, ಬಿ ಮೂರೂ ಅಕ್ಷರ ಇರೋ ಪದ ಯಾವುದು ಅಂತ ಕಂಪ್ಯೂಟರಲ್ಲಿದ್ದ ಪದಪಟ್ಟಿ ಹುಡುಕಿ ಸಾಂಬಾ ಅಂತ ಹೆಸರಿಟ್ರಂತೆ. 1996ರಲ್ಲಿ ಪಾಲ್ ಮ್ಯಾಕೆರಸ್ ಜೊತೆ ಆರ್‌ಸಿಂಕ್ ಬರೆದಿದ್ದೂ ಅವರೇ, ಎರಡು ಕಡೆಯ ಫೋಲ್ಡರ್ ಹೋಲಿಸಿ ಬದಲಾದಷ್ಟನ್ನೇ ಕಳಿಸೋ ಪ್ರೋಗ್ರಾಂ. ನಮ್ಮಜ್ಜಿ ದನಿ ಈಗ ಮೂರು ಕಡೆ ಇರೋದರ ಹಿಂದೆ ಅವರ ಕೆಲಸ ಇದೆ, ದುಡ್ಡು ಕೇಳದೆ ಕೊಟ್ಟಿದ್ದು, ಅವರಿಗೆ ನನ್ನ ನಮಸ್ಕಾರ.

ತಮ್ಮನ ಕಾಲೇಜು ಕಾಲದ ನೆಟ್‌ಬುಕ್ ಒಂದಿತ್ತು, ವಿಂಡೋಸ್ ಎಕ್ಸ್‌ಪಿ ಇದ್ದದ್ದು, ಅದರಲ್ಲೂ ಒಂದಿಷ್ಟು ಫೋಟೋ. ಅದು ಹೊಸ ಸಾಂಬಾ ಜೊತೆ ಮಾತೇ ಆಡಲ್ಲ, ಯಾಕಂದ್ರೆ ಎಕ್ಸ್‌ಪಿಗೆ ಗೊತ್ತಿರೋದು ಎಸ್‌ಎಂಬಿಯ ಮೊದಲನೇ ವರ್ಶನ್ ಮಾತ್ರ. 2017ರ ಮೇ ತಿಂಗಳಲ್ಲಿ ವಾನಾಕ್ರೈ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್, ಲೋಕವೆಲ್ಲ ಹರಡಿದ್ದು ಆ ಮೊದಲನೇ ವರ್ಶನ್‌ನ ಒಂದು ತೂತಿನಿಂದಲೇ, ಅದೇ ವರ್ಷದ ಕೊನೆಗೆ ವಿಂಡೋಸ್ 10 ಅದನ್ನ ಹೊಸದಾಗಿ ಹಾಕ್ಕೊಂಡವರಿಗೆ ಕೊಡೋದು ನಿಲ್ಲಿಸ್ತು, 2019ರಲ್ಲಿ ಸಾಂಬಾ ಕೂಡ ಆಫ್ ಮಾಡಿಟ್ತು. ಸೆಟ್ಟಿಂಗಿಗೆ ಹೋಗಿ ಮತ್ತೆ ಆನ್ ಮಾಡ್ಕೊಳ್ಳಿ ಅಂತ ತುಂಬಾ ಜನ ಸಲಹೆ ಕೊಡ್ತಾರೆ. ದಯವಿಟ್ಟು ಬೇಡ. ಒಂದು ಹಳೇ ಮಷೀನಿಗೋಸ್ಕರ ಮನೆಯ ಎಲ್ಲಾ ಬಾಗಿಲು ತೆಗೆದಿಡೋದು ಯಾಕೆ, ನಾನು ಆ ನೆಟ್‌ಬುಕ್ಕಿನ ಡಿಸ್ಕನ್ನೇ ಬಿಚ್ಚಿ ಯುಎಸ್‌ಬಿ ಅಡಾಪ್ಟರಿಗೆ ಹಾಕಿ ಎಳ್ಕೊಂಡೆ, ಅರ್ಧ ಗಂಟೆ ಕೆಲಸ.

ಎಲ್ಲಾ ಕಡೆಯಿಂದ ಗುಡ್ಡೆ ಹಾಕಿದ ಮೇಲೆ 180 ಜಿಬಿ ಆಯ್ತು. ಅದರದ್ದೊಂದು ಪೂರ್ತಿ ಕಾಪಿ ಅಮ್ಮನ ಲ್ಯಾಪ್‌ಟಾಪಿಗೆ. ವೈಫೈಯಲ್ಲಿ ಹಾಕಿ ನೋಡಿದೆ, ಒಂದೇ ಗಾಳಿಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು, ಜೊತೆಗೆ ಮನೆಯವರ ಫೋನೆಲ್ಲ ಅದೇ ಗಾಳಿಗೆ ಕಾಯ್ತಿರ್ತವೆ, ತೆವಳಿಕೊಂಡು ಹೋಗ್ತಿತ್ತು. ಸರಿ ಅಂತ ಕೇಬಲ್ ಎಳೆದೆ. ಗಿಗಾಬಿಟ್ ಪೋರ್ಟು, ಗಿಗಾಬಿಟ್ ರೌಟರು, ಸೆಕೆಂಡಿಗೆ 110 ಎಂಬಿ ಬರಬೇಕು, ಬಂದಿದ್ದು 11. ಸರಿಯಾಗಿ ಹತ್ತನೇ ಒಂದು ಪಾಲು ಅಂದ್ರೆ ಅದಕ್ಕೊಂದು ಕಾರಣ ಇರುತ್ತೆ. ಲ್ಯಾನ್ ಕೇಬಲ್ ಒಳಗೆ ಎಂಟು ಎಳೆ, ಎರಡೆರಡು ಹೆಣೆದು ನಾಲ್ಕು ಜೋಡಿ. 100 ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಆ ಎರಡು ಜೋಡಿ ಬಿಟ್ಟು ಉಳಿದವುಗಳಲ್ಲಿ ಒಂದೇ ಒಂದು ಎಳೆ ಕಡಿದಿದ್ರೂ ಎರಡು ಕಡೆಯ ಪೋರ್ಟುಗಳು ತಮ್ಮಲ್ಲೇ ಮಾತಾಡ್ಕೊಂಡು 100ಕ್ಕೆ ಇಳಿದುಬಿಡ್ತವೆ, ಯಾರಿಗೂ ಏನೂ ಹೇಳಲ್ಲ, ಇಂಟರ್ನೆಟ್ ಎಂದಿನಂತೆ ಓಡ್ತಾ ಇರುತ್ತೆ. ಟಾರ್ಚ್ ಹಿಡಿದು ಅಟ್ಟದ ಮೇಲೆ ಕೇಬಲ್ ಉದ್ದಕ್ಕೂ ಕೈ ಆಡಿಸ್ಕೊಂಡು ಹೋದೆ. ಅಡಿಕೆ ಮೂಟೆ ಹಿಂದೆ ಇಲಿ ಕಡಿದಿತ್ತು. ಮೇಲಿನ ಹೊದಿಕೆ ಒಂದು ಬೆರಳಗಲ ಹೋಗಿ ಒಳಗಿನ ಕಂದು ಬಣ್ಣದ ಎಳೆ ಪೂರ್ತಿ ತುಂಡಾಗಿ, ತಾಮ್ರ ಕೂದಲಿನ ಹಾಗೆ ಹೊರಗೆ ಚಾಚಿತ್ತು, ಉಳಿದ ಏಳೂ ಸರಿ ಇದ್ವು. ಅಷ್ಟು ಭಾಗ ಕತ್ತರಿಸಿ ಹೊಸ ತುದಿ ಕ್ರಿಂಪ್ ಮಾಡಿದ ಮೇಲೆ ನಾಲ್ಕೂವರೆ ಗಂಟೆ ಹಿಡೀಬೇಕಿದ್ದ ಕೆಲಸ ಲೆಕ್ಕದ ಪ್ರಕಾರ ಅರ್ಧ ಗಂಟೆಗೆ ಇಳೀತು. ನಿಜಕ್ಕೂ ಅರ್ಧ ಗಂಟೇಲಿ ಮುಗೀಲಿಲ್ಲ, ಸಣ್ಣ ಸಣ್ಣ ಫೋಟೋ ಸಾವಿರಾರು ಇದ್ರೆ ಒಂದೊಂದಕ್ಕೂ ತೆರೆ, ಬರಿ, ಮುಚ್ಚು ಅಂತ ಎರಡು ಮಷೀನ್ ಮಧ್ಯೆ ಮಾತುಕತೆ ಆಗಬೇಕು, ದೊಡ್ಡ ವಿಡಿಯೋ ಒಂದೇ ಉಸಿರಿಗೆ ಹೋದಂಗೆ ಅವು ಹೋಗಲ್ಲ.

ಇಷ್ಟು ದೊಡ್ಡದನ್ನ ಎಳೆದು ಬಿಡೋ ಕಾಪಿ ಪೇಸ್ಟಲ್ಲಿ ಮಾಡಬೇಡಿ, ಕಟ್ ಪೇಸ್ಟಂತೂ ಬೇಡವೇ ಬೇಡ. ವಿಂಡೋಸ್ ಒಳಗೇ ರೋಬೋಕಾಪಿ ಅಂತ ಕಾಪಿ ಮಾಡೋ ಕಮಾಂಡ್ ಇದೆ, ವಿಸ್ಟಾ ಕಾಲದಿಂದ ಜೊತೆಗೇ ಬರುತ್ತೆ. ಮಧ್ಯೆ ನಿಂತ್ರೆ ಮತ್ತೆ ಅದೇ ಕಮಾಂಡ್ ಕೊಟ್ರಾಯ್ತು, ಆಗಲೇ ಹೋಗಿರೋದನ್ನ ಬಿಟ್ಟು ಮುಂದಕ್ಕೆ ಹೋಗುತ್ತೆ. ಒಂದು ಎಚ್ಚರ, ಯಾವುದಾದ್ರೂ ಫೈಲ್ ಓದೋಕಾಗದಿದ್ರೆ ಅದು 30 ಸೆಕೆಂಡಿಗೊಂದು ಸಲದ ಹಾಗೆ 10 ಲಕ್ಷ ಸಲ ಪ್ರಯತ್ನ ಮಾಡುತ್ತೆ, ನಾವು ಬೇರೆ ಹೇಳದಿದ್ರೆ. ಲೆಕ್ಕ ಹಾಕಿ ನೋಡಿದೆ, ಒಂದೇ ಫೈಲಿಗೆ 347 ದಿನ. ಎರಡು ಸಲ ಸಾಕು, ಐದು ಸೆಕೆಂಡ್ ಕಾಯಿ ಅಂತ ಮೊದಲೇ ಹೇಳಿಬಿಡಿ. ಇನ್ನೊಂದು, ಅದರ ಮಿರರ್ ಆಯ್ಕೆ. ಮೂಲದಲ್ಲಿ ಇಲ್ಲದ್ದನ್ನ ಕಾಪಿಯಿಂದಲೂ ಅಳಿಸಿಹಾಕುತ್ತೆ ಅದು, ಎರಡೂ ಕನ್ನಡಿ ಹಾಗೆ ಒಂದೇ ಆಗಲಿ ಅಂತ. ಅಪ್ಪಿತಪ್ಪಿ ಮೂಲದ ಜಾಗದಲ್ಲಿ ಖಾಲಿ ಫೋಲ್ಡರ್ ಕೊಟ್ರೆ ಕಾಪಿನೂ ಖಾಲಿ. ನಮ್ಮನೆ ಫೋಟೋಗಳಿಗೆ ನಾನು ಅದನ್ನ ಬಳಸಲ್ಲ.

ಇಂಗ್ಲಿಷಲ್ಲಿ ಹೆಸರಿಡೋರಿಗೆ ಬರದೆ ನಮ್ಮಂಥ ಕನ್ನಡದವರಿಗೆ ಬರೋ ತೊಂದರೆ ಎರಡಿದೆ, ಎಲ್ಲೂ ಬರೆದಿದ್ದು ನಂಗೆ ಸಿಕ್ಕಿರ್ಲಿಲ್ಲ, ಹಾಗಾಗಿ ಬಿಡಿಸಿ ಹೇಳ್ತೀನಿ.

ಅಪ್ಪ ಫೋಟೋಗೆ ಹೆಸರಿಡೋದು ಪೂರ್ತಿ ವಾಕ್ಯದಲ್ಲಿ. ಒಂದರ ಹೆಸರು "ಕೆಳದಿ ರಾಮೇಶ್ವರ ದೇವಸ್ಥಾನದ ರಥೋತ್ಸವದ ದಿನ ಮಳೆ ಬಂದಿದ್ದಾಗ ಅಜ್ಜಿ ಜೊತೆ ತೆಗೆದ ಫೋಟೋ ಮತ್ತು ಊಟಕ್ಕೆ ಕೂತವರ ಸಾಲು". ತಮ್ಮನ ವಿಂಡೋಸಲ್ಲಿ ಆರಾಮಾಗಿದ್ದ ಫೋಟೋ ಲಿನಕ್ಸ್ ಡಿಸ್ಕಿಗೆ ಎಷ್ಟು ಸಲ ಹಾಕಿದ್ರೂ ಹೋಗ್ತಿರ್ಲಿಲ್ಲ. ಕಂಪ್ಯೂಟರಿಗೆ ವ್ಯಂಜನ, ಗುಣಿತದ ಗುರುತು ಎಲ್ಲಕ್ಕೂ ಒಂದೊಂದು ಕೋಡ್. ವಿಂಡೋಸ್ ಹೆಸರಿನ ಉದ್ದ ಅಳೆಯೋದು ಆ ಕೋಡಿನ ಲೆಕ್ಕದಲ್ಲಿ, ಒಂದು ಹೆಸರಿಗೆ 255 ಕೋಡ್. ಲಿನಕ್ಸಿನ ಡಿಸ್ಕ್ ಅಳೆಯೋದು ಬೈಟಲ್ಲಿ, ಅದೂ 255. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಕೋಡಿಗೂ ಮೂರು ಬೈಟ್, ಸ್ತ್ರೀ ಅಂತ ಒಂದಕ್ಷರ ಬರೆದ್ರೆ ಆರು ಕೋಡು, ಹದಿನೆಂಟು ಬೈಟ್. ಅಪ್ಪನ ಆ ಹೆಸರು ಎಣಿಸಿದ್ರೆ ಕೊನೆಯ ಜೆಪಿಜಿ ಸೇರಿ 267 ಬೈಟ್. ಹೆಸರು ಮೊಟಕು ಮಾಡೋಕೆ ಅಪ್ಪನಿಗೆ ಇಷ್ಟ ಇರ್ಲಿಲ್ಲ, ಕೊನೆಗೆ "ಮತ್ತು" ತೆಗೆದು ಕೊಟ್ರು, ಅಷ್ಟಕ್ಕೇ 16 ಬೈಟ್ ಉಳಿದು ಹೋಯ್ತು.

ಎರಡನೇದು ಸೋಬಾನೆದೇ. ಅಕ್ಕ ಮ್ಯಾಕ್‌ಬುಕ್ ತಂದ್ಲು, ಹತ್ತು ವರ್ಷ ಹಳೇದು, ಅದರಲ್ಲಿದ್ದದ್ದು ಹಳೇ ಫೈಲ್ ಸಿಸ್ಟಂ, ಅಂದ್ರೆ ಡಿಸ್ಕಲ್ಲಿ ಫೈಲ್ ಜೋಡಿಸಿಡೋ ಹಳೇ ಪದ್ಧತಿ. ಆರ್‌ಸಿಂಕಲ್ಲಿ ಫೋಲ್ಡರ್ ಕಳಿಸಿದೆ. ಅದಕ್ಕೂ ಮೊದಲು ತಮ್ಮ ಆ ನಲವತ್ತೊಂದರಲ್ಲೇ ತನ್ನ ಫೋನಲ್ಲಿದ್ದ ಮೂರು ಹಾಡನ್ನ ವಿಂಡೋಸಿಂದ ಅಲ್ಲೇ ಸೋಬಾನೆ ಅಂತ ಫೋಲ್ಡರ್ ಮಾಡಿ ಹಾಕಿದ್ದ. ಈಗ ನೋಡಿದ್ರೆ ಒಂದೇ ಜಾಗದಲ್ಲಿ ಎರಡು 'ಸೋಬಾನೆ', ಅಕ್ಷರಕ್ಕೆ ಅಕ್ಷರ ಒಂದೇ, ಒಂದರಲ್ಲಿ ಮೂರು ಹಾಡು ಇನ್ನೊಂದರಲ್ಲಿ ನಲವತ್ತೊಂದು. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರೋಕೆ ಸಾಧ್ಯನೇ ಇಲ್ಲ ಅಲ್ವಾ, ರಾತ್ರಿ ಹನ್ನೊಂದಾದ್ರೂ ನಂಗೆ ಹೊಳೀಲಿಲ್ಲ. ಬೈಟ್ ಎಣಿಸಿದಾಗ ಗೊತ್ತಾಯ್ತು, ಒಂದು 18, ಇನ್ನೊಂದು 24. 'ಸೋ' ಅನ್ನೋದನ್ನ ಯೂನಿಕೋಡಲ್ಲಿ, ಅಂದ್ರೆ ಎಲ್ಲಾ ಭಾಷೆಯ ಅಕ್ಷರಗಳಿಗೂ ಕೋಡ್ ಕೊಟ್ಟಿರೋ ಪಟ್ಟಿಯಲ್ಲಿ, ಎರಡು ಥರ ಬರೀಬಹುದು. ಸಕಾರದ ಮುಂದೆ ಓತ್ವ ಅಂತ ಒಂದೇ ಕೋಡ್ ಇಡೋದು ಒಂದು ಥರ, ವಿಂಡೋಸ್ ಕೀಬೋರ್ಡ್ ಹಾಗೆ ಬರೆಯುತ್ತೆ. ಮ್ಯಾಕಿನ ಹಳೇ ಫೈಲ್ ಸಿಸ್ಟಂ ಅದನ್ನ ಬಿಡಿಸಿ ಎತ್ವ, ಕೊಂಬಿನ ಇಳಿ, ದೀರ್ಘ ಅಂತ ಮೂರು ಕೋಡ್ ಮಾಡಿ ಇಡುತ್ತೆ. ಪರದೆ ಮೇಲೆ ಎರಡೂ ಸೋ, ಲಿನಕ್ಸಿಗೆ ಮಾತ್ರ ಬೇರೆ ಬೇರೆ ಹೆಸರು. ಇದನ್ನ ಬೆಳಗ್ಗೆ ಅಪ್ಪನಿಗೆ ಹೇಳಿದೆ. ನಲವತ್ತು ವರ್ಷ ಕಾಗುಣಿತ ಹೇಳಿಕೊಟ್ಟವರು, ಅರ್ಧ ಕೇಳೋಷ್ಟರಲ್ಲೇ ಬೋರ್ಡಿನ ಮೇಲೆ ಬರೆದ ಹಾಗೆ ಗಾಳೀಲಿ ಬೆರಳಾಡಿಸಿ, "ಒಬ್ಬ ಕೂಡಿಸಿ ಬರೆದಿದಾನೆ, ಒಬ್ಬ ಬಿಡಿಸಿ ಬರೆದಿದಾನೆ, ಇಬ್ಬರದೂ ಸರಿ" ಅಂದ್ರು. ನಲವತ್ತೊಂದನ್ನೂ ತಮ್ಮನ ಫೋಲ್ಡರಿಗೆ ಸೇರಿಸಿ, ಮ್ಯಾಕಿಗೆ ಆರ್‌ಸಿಂಕಿನ ಹೊಸ ವರ್ಶನ್ ಹಾಕಿ, ಹೆಸರುಗಳನ್ನ ಕೂಡಿಸಿ ಕಳಿಸು ಅಂತ ಅದರ ಐಕಾನ್ವ್ ಆಯ್ಕೆ ಕೊಟ್ಟೆ.

2014ರ ಸಿಡಿ ಕಥೆ ಬೇರೆ. ಗದ್ದೆ ಹೆಸರಿನ ಫೈಲೆಲ್ಲ ಚೆನ್ನಾಗೇ ಕಾಪಿ ಆಯ್ತು, ಸೈಜೂ ಸರಿ ಇತ್ತು, ತೆರೆದ್ರೆ ಪುಟದ ತುಂಬಾ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರೋ ಎ, ಪೌಂಡ್ ಗುರುತು. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ್ರು. ಇದೂ ಹೋಯ್ತಾ ಅಂದ್ರು ಮೆಲ್ಲಗೆ. ಹೋಗಿರ್ಲಿಲ್ಲ. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು, ಕನ್ನಡ ಗಣಕ ಪರಿಷತ್ತಿನ ನುಡಿ, ಆಗ ಸರ್ಕಾರಿ ಕಚೇರಿ, ಡಿಟಿಪಿ ಎಲ್ಲಾ ಕಡೆ ಅದೇ. ಫೈಲಲ್ಲಿ ಇರೋದು ಇಂಗ್ಲಿಷ್ ಚಿಹ್ನೆಗಳ ಕೋಡೇ, ಅದನ್ನ ಕನ್ನಡ ಮಾಡಿ ತೋರಿಸೋದು ಫಾಂಟ್, ಆ ಫಾಂಟ್ ಇರೋದು ವಿಂಡೋಸಿನ ತನ್ನದೇ ಫೋಲ್ಡರಲ್ಲಿ. ದಾಖಲೆಯ ಫೋಲ್ಡರ್ ಎಷ್ಟು ಸಲ ಕಾಪಿ ಮಾಡಿದ್ರೂ ಫಾಂಟ್ ಜೊತೆಗೆ ಬರಲ್ಲ. ನುಡಿ ಫಾಂಟ್ ಹಾಕಿದ ತಕ್ಷಣ ಗದ್ದೆಗಳ ಹೆಸರೆಲ್ಲ ಒಂದೊಂದಾಗಿ ಎದ್ದು ಬಂದ್ವು. ಆಮೇಲೆ ಕನ್ವರ್ಟರ್ ಹಾಕಿ ಯೂನಿಕೋಡ್ ಮಾಡಿದ್ವಿ, ಅರ್ಕಾವೊತ್ತು ಅಲ್ಲಲ್ಲಿ ಜಾಗ ತಪ್ಪಿತ್ತು, ಅಪ್ಪ ಹಳೇ ಪ್ರಿಂಟ್ ಹಿಡಿದು ಗಟ್ಟಿಯಾಗಿ ಓದೋದು, ನಾನು ತಿದ್ದೋದು, ಹೀಗೆ ಹನ್ನೊಂದು ದಿನ. ಈಗ ದಾಖಲೆ ಜೊತೆಗೇ ಫಾಂಟಿನ ಫೈಲನ್ನೂ ಒಂದು ಫೋಲ್ಡರಲ್ಲಿ ಇಟ್ಟಿದೀನಿ.

ಈಗ ಮೂಲ ಡೆಸ್ಕ್‌ಟಾಪಲ್ಲಿದೆ, ನಾವೆಲ್ಲ ಅದನ್ನ ಓದಬಹುದು, ಬರೆಯೋ ಹಕ್ಕು ಅಪ್ಪನಿಗೂ ನಂಗೂ ಮಾತ್ರ. ಪ್ರತಿ ಭಾನುವಾರ ಅಮ್ಮನ ಲ್ಯಾಪ್‌ಟಾಪಿಗೆ ಹೊಸತಷ್ಟು ಕಾಪಿ ಆಗುತ್ತೆ. ಮೂರನೇದೊಂದು ಡಿಸ್ಕ್ ಬೆಂಗಳೂರಲ್ಲಿ ಅಕ್ಕನ ಬೀರುವಲ್ಲಿ, ಸಿಡಿಲು ಬಡಿದ್ರೆ ಒಂದೇ ಮನೆಯ ಎರಡೂ ಮಷೀನ್ ಒಟ್ಟಿಗೇ ಹೋಗಬಹುದಲ್ವಾ ಅಂತ.

ಹೋದ ಸಲ ಊರಿಗೆ ಹೋದಾಗ ರೌಟರಿನ ಸ್ವಿಚ್ ಆಫ್ ಮಾಡಿ, ಕೇಬಲ್ಲೂ ಕಿತ್ತು, ಅಮ್ಮನ ಲ್ಯಾಪ್‌ಟಾಪ್ ಅಪ್ಪನ ಮುಂದಿಟ್ಟು ಸೋಬಾನೆ ತೆರೀರಿ ಅಂದೆ. ತೆರೆದ್ರು, ಮಳೆ ಸದ್ದಿರೋ ಹಾಡು ಹಾಕಿದ್ರು, ಹನ್ನೆರಡು ನಿಮಿಷ ಪೂರ್ತಿ ಕೇಳಿದ್ರು. ಮುಗಿದ ಮೇಲೆ ಎದ್ದು ಹೋಗದೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದು, ಪಕ್ಕದ ರೂಮಿನ ಡೆಸ್ಕ್‌ಟಾಪಲ್ಲೂ ಅದನ್ನೇ ತೆಗೆಯೋಕೆ ನಂಗೆ ಹೇಳಿದ್ರು, ಆಮೇಲೆ ಹಾಜರಿ ಕರೆಯೋ ದನಿಯಲ್ಲೇ ಜಗಲಿಗೆ ಕೇಳೋ ಹಾಗೆ ಕೂಗಿದ್ರು, "ಇಲ್ಲಿ ನಲವತ್ತೊಂದು. ಅಲ್ಲಿ?"

"ಇಲ್ಲೂ ನಲವತ್ತೊಂದು" ಅಂದೆ.

"ಬೈಟ್ ಹೇಳು" ಅಂದ್ರು.